ತಾನೇ ತಿರುಗುವ ಚಕ್ರ

ಬಾವಿಯಿಂದ ತಂದ ಕೊಡವನ್ನು ಸೊಂಟದಿಂದ ಇಳಿಸದೆಯೇ ಸೊಣ್ಣಮ್ಮ ಹಿತ್ತಲಲ್ಲಿ ನಿಂತು ಜಗಲಿಯ ಕಡೆ ಕಿವಿಯಿಟ್ಟಳು. ಗಂಡನ ಗೊರಕೆ ಸಣ್ಣಗಾಗುತ್ತಿತ್ತು. ಇನ್ನೇನು ಎಚ್ಚರವಾಗುತ್ತದೆ. ಖಾಲಿ ಇದ್ದ ಬಲಗೈಯನ್ನು ಅಲ್ಲೇ ಕಂಬಗಳ ನಡುವೆ ನಿಲ್ಲಿಸಿದ್ದ ಚಕ್ರದ ಅಂಚಿಗೆ ಕೊಟ್ಟು ಒಮ್ಮೆ ಬಲವಾಗಿ ತಳ್ಳಿದಳು. ಚಕ್ರಕ್ಕೆ ಕೀಲು ಹಾಕಿ ಜೋಡಿಸಿದ್ದ ಕೋಲುಗಳು, ತುದಿಯಲ್ಲಿ ಕಟ್ಟಿದ್ದ ಕಲ್ಲಿನ ಭಾರಕ್ಕೆ, ಒಂದೊಂದಾಗಿ ಆಚೆಗೆ ಬಿದ್ದವು. ಟಪ್. ಟಪ್. ಟಪ್.

"ಏನಮ್ಮೀ, ತಿರುಗ್ತಾ ಐತಾ?" ಜಗಲಿಯಿಂದ ಮುನಿವೆಂಕಟಯ್ಯನ ದನಿ ಬಂತು.

"ಕಿವಿ ಕೇಳ್ಸಲ್ವಾ? ತಿರುಗ್ತಾ ಐತೆ."

"ನಾನು ನಿದ್ದೆ ಮಾಡ್ದೆ, ಅದು ಮಾಡ್ಲಿಲ್ಲ ನೋಡು. ಇಟ್ಟು ಆಕು, ಒಟ್ಟೆ ಅಸೀತಾ ಐತೆ."

ಈ ಕೊನೆಯ ಮಾತಿಗಾಗಿಯೇ ಅವಳು ತಳ್ಳುತ್ತಿದ್ದುದು. ಕೊಡ ಇಳಿಸಿ, ಮುದ್ದೆ ಮುರಿದು, ಬಸ್ಸಾರು ಬಿಟ್ಟು ತಂದಿಟ್ಟಳು. ಅವನು ಎರಡು ಮುದ್ದೆ ಉಂಡ.

ಐದು ತಿಂಗಳ ಹಿಂದೆ ಕಪಿಲೆಯ ಹಗ್ಗ ಕಿತ್ತು ಅವನು ಬಿದ್ದಿದ್ದ. ಶೆಟ್ಟಿಹಳ್ಳಿಯಲ್ಲಿ ಆಗ ತೋಟಗಳಿಗೆಲ್ಲ ಕಪಿಲೆಯದೇ ನೀರು. ಬಾವಿಯ ಬಾಯಿಗೆ ರಾಟೆ, ರಾಟೆಯ ಮೇಲೆ ಹಗ್ಗ, ಹಗ್ಗದ ಒಂದು ತುದಿಗೆ ಬಾವಿಯೊಳಗಿನ ತೊಗಲಿನ ಚೀಲ, ಇನ್ನೊಂದಕ್ಕೆ ಜೋಡಿ ಎತ್ತು. ಎತ್ತುಗಳು ಬಾವಿಯಿಂದ ಆಚೆಗೆ ತೋಡಿದ ಇಳಿಜಾರಿನಲ್ಲಿ ಇಳಿದರೆ ಚೀಲ ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತದೆ. ಇಳಿಯುವಾಗ ಎತ್ತು ಹೊಡೆಯುವವನು ಹಗ್ಗದ ಮೇಲೆ ಕೂರುತ್ತಾನೆ, ಅವನ ಭಾರವೂ ಎಳೆತಕ್ಕೆ ಕೂಡುತ್ತದೆ. ಆಮೇಲೆ ಎತ್ತುಗಳನ್ನು ಹಿಂದಹಿಂದಕ್ಕೆ ನಡೆಸಿಕೊಂಡು ಮತ್ತೆ ಮೇಲಕ್ಕೆ. ಇಳಿಯುವುದು, ಹತ್ತುವುದು. ಒಂದು ಬೆಳಗಿಗೆ ನೂರು ಸಲ. ಮೂವತ್ತು ವರ್ಷ ಹಾಗೆ ಹಗ್ಗದ ಮೇಲೆ ಕೂತವನು ಒಂದು ದಿನ ಹಗ್ಗದ ಸಮೇತ ನೆಲಕ್ಕೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡ.

ಜಗಲಿಗೆ ಬಿದ್ದವನು ಮಾತು ಬಿಟ್ಟ. ಆಮೇಲೆ ಊಟ ಬಿಟ್ಟ. ತಟ್ಟೆಯನ್ನು ಹೇಗೆ ಇಟ್ಟಳೋ ಹಾಗೇ ಎತ್ತಿಕೊಂಡು ಹೋಗಬೇಕು. ಗೋಡೆಯ ಕಡೆ ತಿರುಗಿ ಮಲಗಿದವನ ಬೆನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಮಕ್ಕಳಿಲ್ಲದ ಮನೆ. ಬೇರೆ ಮಾತಾಡುವವರು ಯಾರು?

ತೋಟ ಒಣಗುವುದನ್ನು ನೋಡಲಾರದೆ ಅವಳೇ ಹೊಸ ಹಗ್ಗ ಹಾಕಿಸಿ ಕಪಿಲೆಗೆ ಇಳಿದಳು. ಊರು ನಕ್ಕಿತು. ಪಕ್ಕದ ಮನೆಯ ಮಾರಮ್ಮ ಬಾವಿಯ ಹತ್ತಿರವೇ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು.

"ಹೆಂಗ್ಸು ಹಗ್ಗದ ಮೇಲೆ ಕುಂತ್ರೆ ಬಾವಿ ಬತ್ತೋಯ್ತದೆ ಕಣೇ ಸೊಣ್ಣೀ."

"ಬತ್ಲಿ ಬಿಡೇ. ಬತ್ತಿದ ದಿವ್ಸ ನಿನ್ನನ್ನ ಕರ್ದು ತೋರುಸ್ತೀನಿ."

ಬಾವಿ ಬತ್ತಲಿಲ್ಲ. ಬತ್ತಿದ್ದು ಅವಳ ಮಂಡಿ. ಕೂತು ಇಳಿಯುವುದು ಸುಖವೇ. ಗಾಳಿ ಮುಖಕ್ಕೆ ಬಡಿಯುತ್ತದೆ, ರಾಟೆ ಕೂಗುತ್ತದೆ, ನೀರು ಬೀಳುವ ಸದ್ದು ಬೆನ್ನಿಗೆ ಕೇಳುತ್ತದೆ. ಹತ್ತುವಾಗ ಗೊತ್ತಾಗುತ್ತದೆ. ಕೆಂದ ಮತ್ತು ಮಾಸ, ಎರಡೂ ಎತ್ತುಗಳು ಕುತ್ತಿಗೆ ಎತ್ತಿ, ಗೊರಸು ಊರಿ, ಹಿಂದಹಿಂದಕ್ಕೆ ಏದುಸಿರು ಬಿಡುತ್ತ ಏರುತ್ತವೆ. ಆ ವರ್ಷದ ಮಳೆಗೆ ಇಳಿಜಾರಿನ ಮಣ್ಣು ಕೊಚ್ಚಿ ಹೋಗಿ ನಡುವೆ ಒಂದು ಕಲ್ಲು ತಲೆ ಎತ್ತಿತ್ತು. ಏರುವಾಗ ಅದಕ್ಕೆ ಎಡವಿ ಎಡವಿ ಅವಳ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದು ಬಿಚ್ಚಿರಲಿಲ್ಲ. ಒಬ್ಬಳೇ ಹಾರೆ ಹಿಡಿದು ಕೀಳಲು ನೋಡಿದಳು. ಕಲ್ಲು ಅಲುಗಲಿಲ್ಲ.

ಅಂಥ ದಿನಗಳಲ್ಲೇ ಮುನಿವೆಂಕಟಯ್ಯ ಒಂದು ಬೆಳಿಗ್ಗೆ ತಾನಾಗಿಯೇ ಬಾಯಿ ಬಿಟ್ಟ. "ಅಲ್ಲಾ, ಮೂವತ್ತು ವರ್ಷ ನಾನು ಸುಮ್ಕೆ ಕುಂತಿದ್ದೆ, ಅಷ್ಟೆ. ನನ್ನ ಭಾರ ನೀರೆತ್ತುತ್ತಿತ್ತು. ಭಾರಕ್ಕೆ ಉಲ್ಲು ಬೇಕಾ, ನೀರು ಬೇಕಾ? ಕಲ್ಲನ್ನ ಕೂರುಸಿದ್ರೂ ನೀರು ಮೇಲಕ್ಕೆ ಬರ್ತದೆ."

ಜಾಲಹಳ್ಳಿಯ ಕಡೆ ಹೊಸ ಕಾರ್ಖಾನೆಗೆ ಕರೆಂಟಿನ ಕಂಬಗಳು ಇವರ ಹೊಲದ ಮೇಲೆಯೇ ಹೋಗಿದ್ದವು. ಊರವರು ಪಂಪಿಗೆ ಕರೆಂಟು ಕೇಳಿ ಅರ್ಜಿ ಕೊಟ್ಟು ಎರಡು ವರ್ಷ ಕಳೆದಿತ್ತು. ತಲೆಯ ಮೇಲೆ ತಂತಿ, ಕೆಳಗೆ ಕಪಿಲೆ. ಮುನಿವೆಂಕಟಯ್ಯನಿಗೆ ಆ ತಂತಿ ಕಂಡರೆ ಹೊಟ್ಟೆಯುರಿ. "ಅವರ ಕರೆಂಟೂ ಬ್ಯಾಡ, ಎತ್ತೂ ಬ್ಯಾಡ. ತಾನೇ ತಿರುಗೋ ಚಕ್ರ ಮಾಡ್ತೀನಿ," ಎಂದ. ಇಬ್ಬರೂ ಸೇರಿ ಹಳೆಯ ಗಾಡಿಯ ಗಾಲಿಯೊಂದನ್ನು ಹಿತ್ತಲಲ್ಲಿ ಎರಡು ಕಲ್ಲುಕಂಬಗಳ ನಡುವೆ ನಿಲ್ಲಿಸಿದರು. ಹನ್ನೆರಡು ಕೋಲು, ಹನ್ನೆರಡು ಕಲ್ಲು. ಈಚೆ ಇಳಿಯುವಾಗ ಕೋಲು ಹೊರಕ್ಕೆ ಚಾಚಿ ಭಾರ ಹೆಚ್ಚಬೇಕು. ಆಚೆ ಹತ್ತುವಾಗ ಮುದುರಿ ಭಾರ ಕಮ್ಮಿಯಾಗಬೇಕು. ಅಚ್ಚಿಗೆ ಬೇರಿಂಗು ಕೊಟ್ಟವನು ಯಶವಂತಪುರದ ಸೈಕಲ್ ಷಾಪಿನ ಖಾದರ್ ಬಾಷಾ. ಮಿಲಿಟರಿಯವರು ಹರಾಜು ಹಾಕಿದ ಡಿಸ್ಪೋಸಲ್ ಮಾಲು, ಬೆರಳು ಮುಟ್ಟಿದರೆ ತಿರುಗುವಂಥದು.

ಚಕ್ರ ಒಂದು ತಳ್ಳಿಗೆ ಎಲೆ ಅಡಿಕೆ ಹಾಕಿ ಉಗಿಯುವಷ್ಟು ಹೊತ್ತು ತಿರುಗಿ ನಿಂತಿತು. ಮುನಿವೆಂಕಟಯ್ಯನ ಮುಖ ಮತ್ತೆ ಗೋಡೆಯ ಕಡೆ ಹೊರಳಿತು. ಮಾರನೆಯ ಬೆಳಿಗ್ಗೆ ಸೊಣ್ಣಮ್ಮ ಸಗಣಿ ಬಾಚಲು ಹೋದವಳು, ಯಾಕೆಂದು ಯೋಚಿಸದೆ, ಅದನ್ನು ಒಮ್ಮೆ ತಳ್ಳಿದಳು. ಟಪ್ ಟಪ್ ಸದ್ದಿಗೆ ಜಗಲಿಯಿಂದ, "ಅಮ್ಮೀ, ಸುರು ಆಯ್ತಾ?" ಎಂಬ ಕೂಗು ಬಂತು. ಆ ದಿನ ಅವನು ತಟ್ಟೆ ಖಾಲಿ ಮಾಡಿದ.

ಮೂರು ವಾರ. ನೀರಿಗೆ ಹೋಗುವಾಗ ಒಂದು ತಳ್ಳು, ಬರುವಾಗ ಒಂದು. ಸೌದೆಗೆ ಹೋಗುವಾಗ, ಹುಲ್ಲು ಹಾಕುವಾಗ, ಕೋಳಿ ಅಟ್ಟುವಾಗ. ಕೋಲೂರಿಕೊಂಡು ಹಿತ್ತಲಿಗೆ ಬಂದು ಅವನು ಎದುರು ಕೂತಾಗ ಚಕ್ರ ನಿಲ್ಲುವುದೂ ಇತ್ತು. ಆಗ "ಎಣ್ಣೆ ಸಾಲ್ದು" ಎನ್ನುತ್ತಿದ್ದ. ನಿಂತದ್ದು ಅವನಿಗೆ ಎಣ್ಣೆಯ ಕೊರತೆ. ತಿರುಗಿದ್ದು ಮಾತ್ರ ಚಕ್ರದ ಗುಣ.

ಇಷ್ಟೇ ಆಗಿದ್ದರೆ ಅವಳು ಜೀವಮಾನವಿಡೀ ತಳ್ಳುತ್ತಿದ್ದಳೇನೋ. ಆದರೆ ಕೊಡ ಹೊತ್ತೇ ತಳ್ಳಿದ ಆ ದಿನ ಎರಡನೆಯ ಮುದ್ದೆ ಉಂಡು ಕೈ ತೊಳೆಯುತ್ತ ಅವನು ಹೇಳಿದ: "ಸೋಮವಾರ ಪಿಳ್ಳಪ್ಪ ಬತ್ತಾನೆ. ಹೊನ್ನೆ ಮರದ ದಿಮ್ಮಿ ತತ್ತಾನೆ. ಬಾವಿ ಮೇಲೇ ದೊಡ್ಡ ಚಕ್ರ ಕಟ್ಟೋದು, ಆಳೆತ್ತರದ ಮೂರರಷ್ಟು."

ಪಿಳ್ಳಪ್ಪ ಮಾಕಳಿಯಲ್ಲಿದ್ದ ಅವಳ ತಮ್ಮ. ಪುಕ್ಕಟೆ ದಿಮ್ಮಿ ಕೊಡುವ ಆಸಾಮಿಯಲ್ಲ.

"ಬದಲಿಗೇನು?"

"ಎತ್ತು ಇಡ್ಕಂಡು ಓಗ್ತಾನೆ. ಇನ್ನು ನಮಗ್ಯಾಕೆ ಎತ್ತು?"

ಅವಳ ಕೈಯಲ್ಲಿ ತಟ್ಟೆ ಇತ್ತು. ಮೆಲ್ಲಗೆ ಕೆಳಗಿಟ್ಟಳು. ಕೆಂದ, ಮಾಸ ಎರಡೂ ಅವಳ ಮದುವೆಯಲ್ಲಿ ತವರಿನಿಂದ ಬಂದ ಹಸುವಿನ ಮೊಮ್ಮಕ್ಕಳು. ಅದಿರಲಿ, ಎತ್ತು ಹೋದರೆ ನೀರಿಲ್ಲ, ನೀರಿಲ್ಲದಿದ್ದರೆ ಬದನೆ ಸಾಲು ಹದಿನೈದು ದಿನಕ್ಕೆ ಕರಕಲು. ಆ ತೋಟ ಬಿಟ್ಟರೆ ಮನೆಗೆ ಬೇರೆ ಅನ್ನವಿರಲಿಲ್ಲ.

ಶನಿವಾರ ಬದನೆಕಾಯಿ ಬುಟ್ಟಿ ಹೊತ್ತು ಯಶವಂತಪುರಕ್ಕೆ ಹೋದವಳು ಮಾರಾಟ ಮುಗಿಸಿ ರೈಲ್ವೆ ಸ್ಟೇಷನ್ನಿನ ಎದುರಿನ ಸೈಕಲ್ ಷಾಪಿಗೆ ಬಂದಳು. ಖಾದರ್ ಬಾಷಾ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ.

"ಬನ್ನಿ ಅಕ್ಕಾ. ಏನಂತೆ ಗೌಡ್ರ ಚಕ್ರ? ಆಕಾಶಕ್ಕೆ ಹಾರ್ತಾ?"

"ಬಾಷಣ್ಣ, ಅದನ್ನ ನಂಬ್ಕೊಂಡು ಸೋಮವಾರ ಎತ್ತು ಕೊಟ್ಬಿಡ್ತಾನಂತೆ. ಅದು ತಾನಾಗೇ ತಿರುಗ್ತದಾ? ನಿಜ ಯೋಳಿ."

ಅವನು ಟ್ಯೂಬು ಬಿಟ್ಟು ಕೈ ಒರೆಸಿಕೊಂಡ. "ಈಚೆ ಕಡೆ ಚಾಚ್ಕೊಂಡಿರೋ ಕಲ್ಲು ಎಷ್ಟು, ಎಣಿಸಿದ್ದೀರಾ?"

"ನಾಕು."

"ಆಚೆ ಮುದುರ್ಕೊಂಡಿರೋದು?"

ದಿನವೂ ನೋಡುತ್ತಿದ್ದ ಚಕ್ರ ಅವಳ ಕಣ್ಣ ಮುಂದೆ ನಿಂತಿತು. "ಎಂಟು," ಎಂದಳು.

"ಹಾಂ. ತರಕಾರಿ ಮಂಡಿಯಲ್ಲಿ ತೂಕದ ಕೋಲು ನೋಡ್ತೀರಲ್ಲ? ಸಣ್ಣ ಗುಂಡು ದೂರ ತಳ್ಳಿದ್ರೆ ದೊಡ್ಡ ಮೂಟೆಗೆ ಸಮ ನಿಲ್ಲುತ್ತೆ. ಇದೂ ಅದೇ. ದೂರ ಇರೋದು ನಾಲ್ಕೇ, ಹತ್ತಿರ ಇರೋದು ಎಂಟು. ಲೆಕ್ಕ ಬರಾಬರ್. ಬಿದ್ದ ಕಲ್ಲನ್ನ ಮತ್ತೆ ಮೇಲಕ್ಕೆ ಹೊರೋರು ಯಾರಕ್ಕಾ? ಬೀಳೋವಾಗ ಕೊಟ್ಟಿದ್ದನ್ನ ಏರೋವಾಗ ವಾಪಸ್ ಕೇಳುತ್ತೆ. ಒಂದು ಕಾಸೂ ಬಿಡಲ್ಲ."

ಏರುವಾಗ. ಅವಳ ಹೆಬ್ಬೆರಳು ಬಟ್ಟೆಯೊಳಗೆ ಮಿಡುಕಿತು. ಇದನ್ನು ಕೇಳಲು ಇಷ್ಟು ದೂರ ಬರಬೇಕಾಗಿರಲಿಲ್ಲ ಎನಿಸಿತು. ಕಪಿಲೆಯವರ ಬಾಯಲ್ಲಿ ಒಂದು ಮಾತಿತ್ತು: ಇಳಿದದ್ದು ಗೇಯ್ಮೆ, ಏರಿದ್ದು ಬಿಡುವು. ಏರುವಾಗ ಹಗ್ಗ ಸಡಿಲ, ಚೀಲ ಖಾಲಿ, ಬಾಯಲ್ಲಿ ಪದ. ಮೂವತ್ತು ವರ್ಷ ಅವಳ ಗಂಡ ಆ ಬಿಡುವಿನಲ್ಲಿ ಹಾಡುತ್ತ ಹತ್ತಿದ್ದ. ಹತ್ತಿದ್ದನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಅಷ್ಟು ನುಣ್ಣಗಿರೋ ಬೇರಿಂಗು ಕೊಟ್ರಲ್ಲ ನೀವು?"

"ಬೇರಿಂಗು ಏನೂ ಕೊಡಲ್ಲಕ್ಕಾ, ಕಮ್ಮಿ ತಿನ್ನುತ್ತೆ ಅಷ್ಟೆ. ತಿನ್ನದೇ ಇರೋ ಮಿಷನ್ನು ದುನಿಯಾದಲ್ಲಿ ಇಲ್ಲ. ತಿಂದಿದ್ದಕ್ಕಿಂತ ಜಾಸ್ತಿ ಕೊಡೋದಂತೂ ಹುಟ್ಟೇ ಇಲ್ಲ. ಇದ್ದಿದ್ರೆ ನಾನ್ಯಾಕೆ ಬೆಳಿಗ್ಗೆಯಿಂದ ಈ ಪಂಪು ಒತ್ಕೊಂಡು ಕೂತಿರ್ತಿದ್ದೆ?" ನಕ್ಕು, ಆಮೇಲೆ ಕೇಳಿದ: "ಅಂದಹಾಗೆ ಎಷ್ಟು ದಿನ ತಿರುಗ್ತು ಅದು?"

"ಮೂರು ವಾರ."

ಖಾದರ್ ಬಾಷಾನ ನಗು ನಿಂತಿತು. ಅವಳ ಮುಖ ನೋಡಿದ, ಕೈ ನೋಡಿದ. "ತಿನ್ನಿಸ್ತಾ ಇದ್ದೋರು ಯಾರಕ್ಕಾ?"

ಅವಳು ತಲೆಯ ಸಿಂಬಿ ಸರಿಮಾಡಿಕೊಂಡಳು. "ನಾನು."

ಅವನು ತೊಟ್ಟಿಯಿಂದ ಟ್ಯೂಬನ್ನು ಎತ್ತಿಟ್ಟ. "ಸೋಮವಾರ ನಾನೇ ಬಂದು ಗೌಡ್ರಿಗೆ ಹೇಳ್ಲಾ?"

"ಬ್ಯಾಡಿ. ನೀವು ಯೋಳಿದ್ರೆ ನಿಮ್ಮ ಬೇರಿಂಗೇ ಸರಿಯಿಲ್ಲ ಅಂತಾನೆ. ತಳ್ದೋಳು ನಾನು, ನಿಲ್ಸೋಳೂ ನಾನೇ."

ಸೋಮವಾರ ಬಿಸಿಲೇರುವ ಮೊದಲೇ ಪಿಳ್ಳಪ್ಪನ ಗಾಡಿ ಬಂತು. ಗಾಡಿಯ ತುಂಬ ದಿಮ್ಮಿ. ಹಿತ್ತಲಲ್ಲಿ ಹತ್ತಾರು ಜನ ಸೇರಿದರು. ಮಾರಮ್ಮ ಮುಂದಿನ ಸಾಲಿನಲ್ಲೇ ಇದ್ದಳು.

"ಏನಕ್ಕಾ," ಪಿಳ್ಳಪ್ಪ ಕೂಗಿದ, "ಭಾವನ ಒಸ ಎತ್ತು ಉಲ್ಲು ತಿನ್ನಲ್ವಂತೆ, ಸಗಣಿ ಆಕಲ್ವಂತೆ!"

"ಸಗಣಿ ಆಕದಿದ್ರೆ ನಿನ್ನ ಒಲಕ್ಕೆ ಏನ್ ಆಕ್ತೀಯೋ? ನಿನ್ನ ಬುದ್ಧೀನಾ?"

ಜನ ನಕ್ಕರು. ಪಿಳ್ಳಪ್ಪನೂ ನಕ್ಕ. ಅವನ ಕಣ್ಣು ಚಕ್ರದ ಮೇಲಿರಲಿಲ್ಲ; ಗೊಂತಿನಲ್ಲಿ ಮೆಲುಕು ಹಾಕುತ್ತಿದ್ದ ಕೆಂದನ ಬೆನ್ನಿನ ಮೇಲಿತ್ತು.

ಮುನಿವೆಂಕಟಯ್ಯ ತಲೆಗೆ ಪೇಟ ಸುತ್ತಿಕೊಂಡು ಬಂದಿದ್ದ. ಮದುವೆಯ ದಿನ ಬಿಟ್ಟರೆ ಅವನು ಪೇಟ ಸುತ್ತಿದ್ದನ್ನು ಅವಳು ನೋಡಿರಲಿಲ್ಲ. ಕೋಲನ್ನು ಕಂಕುಳಿಗೆ ಕೊಟ್ಟು ನಿಂತು ಅವನು ಚಕ್ರವನ್ನು ಮುಟ್ಟಿದ. "ಬೆಳಗ್ಗೆಯಿಂದ ನಿಂತೈತೆ. ಒಂದು ಸಲ ಸುರು ಮಾಡ್ಬೇಕು, ಆಮೇಲೆ ಅದರ ಪಾಡಿಗೆ ಅದು," ಎಂದು ತಳ್ಳಿದ. ಟಪ್, ಟಪ್, ಟಪ್. "ಆಹಾ" ಎಂದರು ಜನ.

"ಸರಿ, ಎತ್ತು ಬಿಚ್ಲಾ ಭಾವ?"

"ನಿಲ್ಲೋ," ಎಂದಳು ಸೊಣ್ಣಮ್ಮ. ಹಿತ್ತಲಿನ ಒಲೆಗೆ ಬೆಂಕಿ ಹಚ್ಚಿ, ಮುದ್ದೆಯ ಮಡಕೆಗೆ ನೀರು ತುಂಬಿ ಒಲೆಯ ಮೇಲೆ ಇಟ್ಟಳು. "ಎಸರು ಕುದಿಯೋಗಂಟ ಇದನ್ನ ಯಾರೂ ಮುಟ್ಟಬ್ಯಾಡಿ. ಕುದ್ದ ಮೇಲೂ ತಿರುಗ್ತಾ ಇದ್ರೆ ನಾನೇ ಎತ್ತಿನ ಹಗ್ಗ ಬಿಚ್ಚಿ ಕೊಡ್ತೀನಿ."

"ಕುದೀಲಿ, ಕುದೀಲಿ," ಎಂದ ಮುನಿವೆಂಕಟಯ್ಯ ಹೆಮ್ಮೆಯಿಂದ. "ಮೂರು ವಾರ ತಿರುಗಿರೋದು, ಒಂದು ಎಸರಿಗೆ ಅಂಜುತ್ತಾ?"

ಅವಳು ಚಕ್ರದ ಪಕ್ಕ ನೆಲಕ್ಕೆ ಕೂತು ಎರಡೂ ಕೈಗಳನ್ನು ಮಡಿಲಿನಲ್ಲಿ ಇಟ್ಟುಕೊಂಡಳು. ಕೈ ಸುಮ್ಮನಿರಲು ಒಪ್ಪಲಿಲ್ಲ. ಟಪ್ ಎಂಬ ಸದ್ದಿನ ನಡುವಿನ ಬಿಡುವು ಉದ್ದವಾದಂತೆ ಬಲಗೈ ತಾನಾಗಿ ಏಳಲು ನೋಡಿತು. ಎಡಗೈಯಿಂದ ಅದನ್ನು ಹಿಡಿದುಕೊಂಡಳು. ಟಪ್. ಆಮೇಲೆ ಬಹಳ ಹೊತ್ತು ಬಿಟ್ಟು ಇನ್ನೊಂದು ಟಪ್. ಮೇಲಿದ್ದ ಕೋಲು ಬೀಳಲೋ ಬೇಡವೋ ಎಂಬಂತೆ ತಡೆಯಿತು. ಚಕ್ರ ಹಿಂದಕ್ಕೆ ಒಂದಿಷ್ಟು ತೂಗಿ, ಮುಂದಕ್ಕೆ ಒಂದಿಷ್ಟು ತೂಗಿ, ನಿಂತಿತು. ಎಸರಿನಲ್ಲಿ ಇನ್ನೂ ಒಂದು ಗುಳ್ಳೆ ಎದ್ದಿರಲಿಲ್ಲ.

"ಎಣ್ಣೆ…" ಎಂದ ಮುನಿವೆಂಕಟಯ್ಯ.

ಅವಳು ಎಣ್ಣೆಯ ಕುಡಿಕೆ ತಂದು ಕೈಗೆ ಕೊಟ್ಟಳು. ಅವನು ಅಚ್ಚಿಗೆ ಸುರಿದ. ಮತ್ತೆ ತಳ್ಳಿದ, ಈ ಸಲ ಕಂಕುಳಿನ ಊರುಗೋಲು ಜಾರಿ ಬೀಳುವಂತಾಗುವಷ್ಟು ಬಲವಾಗಿ. ಚಕ್ರ ಇನ್ನಷ್ಟು ಹೊತ್ತು ತಿರುಗಿ, ಅದೇ ಥರ ತೂಗಿ, ನಿಂತಿತು. ಯಾರೋ ಕೆಮ್ಮಿದರು.

"ಮೂರು ವಾರ ತಿರುಗ್ತಲ್ಲ!" ಅವನು ಜನರ ಕಡೆ ತಿರುಗಿದ. "ಹಗಲೆಲ್ಲ ಕೇಳಿದ್ದೀನಿ. ಬೆಳಗ್ಗೆ ಕಣ್ಣು ಬಿಟ್ಟರೆ ಅದರದೇ ಸದ್ದು. ಇವತ್ತೇ ಯಾಕೆ? ಯಾರ ಕಣ್ಣು ಬಿತ್ತು?"

"ಯಾರ ಕಣ್ಣೂ ಇಲ್ಲ," ಎಂದಳು ಸೊಣ್ಣಮ್ಮ. "ನಾನು ತಳ್ತಾ ಇದ್ದೆ."

"ಸುಳ್ಳು."

ಅವಳು ಎದ್ದು ಬಂದು ಬಲ ಅಂಗೈಯನ್ನು ಅವನ ಮುಖದ ಮುಂದೆ ಹಿಡಿದಳು. ಗಾಲಿಯ ಕಬ್ಬಿಣದ ಪಟ್ಟಿಯ ಅಗಲಕ್ಕೆ ಸರಿಯಾಗಿ, ಬೆರಳುಗಳ ಬುಡದಲ್ಲಿ, ಚರ್ಮ ಹಳದಿಗಟ್ಟಿ ಒರಟಾಗಿತ್ತು. ಅವನು ಅದನ್ನು ನೋಡಿದ.

ಪಿಳ್ಳಪ್ಪ ಕಿಸಕ್ಕನೆ ನಕ್ಕ. ಅವಳು ಗಕ್ಕನೆ ಅವನತ್ತ ತಿರುಗಿದಳು. "ನಗಬ್ಯಾಡ. ನನ್ನ ಯಜಮಾನ ಚಕ್ರ ತಿರುಗ್ತದೆ ಅಂತ ನಂಬಿದ್ದ. ನೀನು ಏನು ನಂಬ್ಕೊಂಡು ಬಂದೆ? ತಿರುಗದಿದ್ರೂ ಎತ್ತು ಸಿಕ್ತದೆ ಅಂತ ತಾನೇ?"

"ಭಾವ ಮಾತು ಕೊಟ್ಟಿದ್ದಾನೆ ಕಣಕ್ಕಾ. ಗಂಡಸಿನ ಮಾತು."

"ಚಕ್ರದ ಮೇಲೆ ಕೊಟ್ಟ ಮಾತು. ಚಕ್ರ ನಿಂತೋಯ್ತು, ನಿನ್ನ ದಿಮ್ಮಿ ನೀನು ತಕ್ಕೊಂಡು ಓಗು. ಎತ್ತಿನ ಹಗ್ಗಕ್ಕೆ ಕೈ ಆಕಿದ್ರೆ ಅಕ್ಕ ಅನ್ನೋದನ್ನ ಇವತ್ತಿಗೇ ಮರ್ತುಬಿಡು."

ಎಸರು ಆಗ ಕುದಿಯಿತು. ಅವಳು ಮಡಕೆಯ ಕಡೆ ನೋಡಲಿಲ್ಲ. ಗೊಂತಿಗೆ ಹೋಗಿ ಕೆಂದನ ಹಗ್ಗ ಬಿಚ್ಚಿದಳು, ಮಾಸನ ಹಗ್ಗ ಬಿಚ್ಚಿದಳು, ಜನರ ನಡುವಿನಿಂದಲೇ ಎರಡನ್ನೂ ಹೊಡೆದುಕೊಂಡು ಬಾವಿಯ ಕಡೆ ನಡೆದಳು. ಮಾರಮ್ಮ ದಾರಿ ಬಿಟ್ಟಳು. ಹಿಂದಿನಿಂದ ಗಂಡನ ದನಿ ಬಂತು.

"ನಾಕು ಜನರ ಮುಂದೆ ನನ್ನ ಮಾನ ಕಳದೆಯಲ್ಲೇ."

ಅವಳು ನಿಂತಳು. "ಊಂ, ಕಳದೆ. ಎತ್ತು ಉಳಿಸ್ಕೊಂಡೆ."

"ಮತ್ಯಾಕೆ ತಳ್ಳಿದೆ ಇಷ್ಟು ದಿವ್ಸ?"

"ನೀನು ಉಣ್ತಿದ್ದೆ," ಎಂದಳು.

ಮೂರು ದಿನ ಅವನು ಉಣ್ಣಲಿಲ್ಲ. ಅವಳು ತಟ್ಟೆ ಇಡುತ್ತಿದ್ದಳು, ಹೊತ್ತಾದ ಮೇಲೆ ಎತ್ತುತ್ತಿದ್ದಳು, ಉಣ್ಣು ಎನ್ನಲಿಲ್ಲ. ಹಿತ್ತಲಿಗೆ ಹೋಗುವಾಗ ಚಕ್ರವನ್ನು ಬಳಸಿಕೊಂಡು ಹೋಗುತ್ತಿದ್ದಳು. ಕೋಳಿಯೊಂದು ಅದರ ಕೆಳಗಿನ ಕಲ್ಲಿನ ಮೇಲೆ ಕೂರುವುದನ್ನು ರೂಢಿ ಮಾಡಿಕೊಂಡಿತ್ತು. ಎರಡನೆಯ ದಿನ ಜಗಲಿಯಿಂದ ಒಂದೇ ಮಾತು ಬಂತು: "ಹದಿನಾರು ಕಲ್ಲು ಕಟ್ತೀನಿ, ನೋಡ್ತಿರು."

"ಕಟ್ಕೋ," ಎಂದಳು ಅವಳು. "ಮೂವತ್ತು ಕಟ್ಕೋ. ನಾನು ತಳ್ಳಲ್ಲ."

ಮೂರನೆಯ ದಿನ ಸಂಜೆ ತಟ್ಟೆಯಲ್ಲಿ ಅರ್ಧ ಮುದ್ದೆ ಕಮ್ಮಿಯಾಗಿತ್ತು. ಕೋಳಿ ತಿಂದಿರಬಹುದೆಂದು ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಬದನೆ ಸಾಲಿಗೆ ನೀರು ಹಾಯಿಸುತ್ತಿದ್ದಳು. ಕೂತು ಇಳಿದಳು, ಎದ್ದು ಹತ್ತಿದಳು. ಮಂಡಿಯ ಮೇಲೆ ಕೈಯೂರಿ ಹತ್ತುವಾಗ ತಲೆ ಎತ್ತಿ ನೋಡಿದರೆ ಇಳಿಜಾರಿನ ತುದಿಯಲ್ಲಿ, ಬಾವಿಯ ಪಕ್ಕ, ಮುನಿವೆಂಕಟಯ್ಯ ನಿಂತಿದ್ದ. ಬಿದ್ದ ದಿನದಿಂದ ಅವನು ಇತ್ತ ಬಂದಿರಲಿಲ್ಲ. ಒಂದು ಕಂಕುಳಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಹಾರೆ.

ಅವಳು ಚೀಲ ಬಾವಿಗೆ ಬಿಟ್ಟಳು, ಹಗ್ಗದ ಮೇಲೆ ಕೂತಳು, ಇಳಿದಳು. ರಾಟೆ ಕೂಗಿತು, ನೀರು ಬಿತ್ತು. ಹತ್ತಲು ಎತ್ತುಗಳನ್ನು ಹಿಂದಕ್ಕೆ ನಡೆಸಿದಾಗ ಅವನು ನೀರನ್ನು ನೋಡುತ್ತಿರಲಿಲ್ಲ. ಮಾಸನ ಹಿಂಗಾಲು ಮಣ್ಣಿನಲ್ಲಿ ಹೇಗೆ ಊರುತ್ತದೆ ಎಂದು ನೋಡುತ್ತಿದ್ದ. ಆಮೇಲೆ ಅವಳ ಕಾಲನ್ನು. ನಡುವಿನ ಕಲ್ಲಿನ ಹತ್ತಿರ ಬಂದಾಗ ಅವಳು ಎಂದಿನಂತೆ ಎಡವಿ, ಹಲ್ಲು ಕಚ್ಚಿ, ಮುಂದಿನ ಹೆಜ್ಜೆ ಇಟ್ಟಳು.

ಹತ್ತು ಚೀಲ ನೀರು ಬಿದ್ದ ಮೇಲೆ ಎತ್ತುಗಳಿಗೆ ಉಸಿರು ಬಿಡಲು ನಿಲ್ಲಿಸಿದಳು. ಅವನು ಆಗ ಇಳಿಜಾರಿಗೆ ಇಳಿದ. ಊರುಗೋಲು ಜಾರುತ್ತಿತ್ತು, ಒಂದು ಕಡೆ ಕೂತು, ಕೂತಲ್ಲೇ ಜರುಗಿ ಕಲ್ಲಿನ ಹತ್ತಿರ ಬಂದ. ಸುತ್ತಲಿನ ಮಣ್ಣು ಕೆದಕಿದ. ಹಾರೆಯ ಮೊನೆಯನ್ನು ಕಲ್ಲಿನಡಿ ತೂರಿಸಿ, ಮಡಿಲಿನಿಂದ ತೆಗೆದ ಸಣ್ಣ ಕಲ್ಲೊಂದನ್ನು ಕೆಳಗೆ ಒತ್ತು ಕೊಟ್ಟು, ಆಚೆ ತುದಿಯ ಮೇಲೆ ಮೈಭಾರ ಬಿಟ್ಟ. ಅದನ್ನು ಚಕ್ರದ ಕೋಲಿಗೆ ಕಟ್ಟಿದ್ದ ಹಗ್ಗದ ತುಂಡು ಆ ಸಣ್ಣ ಕಲ್ಲಿಗೆ ಇನ್ನೂ ಸುತ್ತಿತ್ತು.

ದೊಡ್ಡ ಕಲ್ಲು ಅಲುಗಿತು. ಸೊಣ್ಣಮ್ಮ ಇಳಿದು ಬಂದು ಹಾರೆಯ ತುದಿಯ ಮೇಲೆ, ಅವನ ಕೈಗಳ ಪಕ್ಕದಲ್ಲಿ, ತನ್ನ ಎರಡೂ ಕೈಗಳನ್ನು ಇಟ್ಟಳು. ಮೇಲೆ ಕೆಂದ ಬಾಲ ಬೀಸಿ ಕಾಯುತ್ತಿತ್ತು.